ನೆಲನೆಲ್ಲಿಯಿಂದ ಹೆಪ್‌ಜಿ2 ತನಕ: ಔಷಧಿ ಗಿಡದ ಸಾರವನ್ನ ಲಿವರ್ ಕ್ಯಾನ್ಸರ್ ಸೆಲ್ಸ್ ಮೇಲೆ ಟೆಸ್ಟ್ ಮಾಡೋ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಜನವರಿ ಬಂತು ಅಂದ್ರೆ ಎಂಎಸ್ಸಿ ಕೊನೇ ಸೆಮ್ ಮಕ್ಕಳು ನಮ್ಮ ಲ್ಯಾಬಿಗೆ ಬರ್ತಾರೆ, ಬಂದವರಲ್ಲಿ ಅರ್ಧ ಜನ ಕೇಳೋದು ಒಂದೇ, "ಅಕ್ಕಾ, ಯಾವುದಾದ್ರೂ ಗಿಡ ತಗೊಂಡು ಕ್ಯಾನ್ಸರ್ ಸೆಲ್ಸ್ ಮೇಲೆ ಎಂಟಿಟಿ ಮಾಡೋಣ್ವಾ?" (ಎಂಟಿಟಿ ಅಂದ್ರೆ ಸೆಲ್ಸ್ ಎಷ್ಟು ಬದುಕಿವೆ ಅಂತ ಬಣ್ಣದಿಂದ ಅಳೆಯೋ ಪರೀಕ್ಷೆ.) ಮಾಡೋಣ, ಖಂಡಿತ ಮಾಡೋಣ. ಆದ್ರೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ತಟ್ಟೇಲಿರೋ ಸೆಲ್ಸ್ ಸಾಯಿಸೋದು ಕಷ್ಟದ ಕೆಲಸ ಅಲ್ಲವೇ ಅಲ್ಲ, ಸೋಪಿನ ನೀರು ಹಾಕಿದ್ರೂ ಸಾಯ್ತವೆ, ಉಪ್ಪು ಜಾಸ್ತಿ ಆದ್ರೂ ಸಾಯ್ತವೆ. ನಾವು ತೋರಿಸ್ಬೇಕಾಗಿರೋದು, ಸತ್ತಿದ್ದು ಈ ಗಿಡದಿಂದಾನೇ, ಈ ಗಿಡ ನಾವು ಹೆಸರಿಸಿದ ಗಿಡಾನೇ, ಮತ್ತೆ ಅದು ಕಣ್ಣಿಗೆ ಕಂಡ ಬಣ್ಣದ ಮೋಸ ಅಲ್ಲ ಅನ್ನೋದನ್ನ. ಕೆಳಗೆ ಬರೆದಿರೋದೆಲ್ಲ ಅದರ ಸುತ್ತಾನೇ ಇದೆ.

ಸೆಲ್ಸ್ ಅಂದ್ರೆ ಇಲ್ಲಿ ಮುಖ್ಯವಾಗಿ ಹೆಪ್‌ಜಿ2, ಲ್ಯಾಬಲ್ಲಿ ಬೆಳೆಸೋ ಲಿವರ್ ಕ್ಯಾನ್ಸರ್ ಸೆಲ್ಸು. ಗಿಡಕ್ಕೆ ಉದಾಹರಣೆಯಾಗಿ ನೆಲನೆಲ್ಲಿ ಇಟ್ಕೊಂಡಿದ್ದೀನಿ, ಯಾಕಂದ್ರೆ ನಮ್ಮ ಕಡೆ ಕಾಮಾಲೆ ಅಂದ ತಕ್ಷಣ ಎಲ್ಲರ ಬಾಯಲ್ಲಿ ಬರೋದು ಅದೇ, ಜೊತೆಗೆ ಈ ಕೆಲಸದಲ್ಲಿ ಎಡವೋ ಎಲ್ಲಾ ಜಾಗಗಳೂ ಈ ಒಂದು ಗಿಡದಲ್ಲೇ ಸಿಗ್ತವೆ. ನೀವು ಕಾಲಮೇಘ, ಗರುಗ, ಕೊಮ್ಮೆ ಬೇರು ಏನು ತಗೊಂಡ್ರೂ ದಾರಿ ಹೆಚ್ಚುಕಮ್ಮಿ ಇದೇನೇ.

ಹೆಜ್ಜೆ 1: ಗಿಡ ಯಾವುದು ಅಂತ ಗ್ಯಾರಂಟಿ ಮಾಡ್ಕೊಳ್ಳಿ

ಇಲ್ಲಿ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಇದನ್ನೇ ಓಡಿಸ್ಕೊಂಡು ಹೋಗ್ತಾರೆ.

ನಾನು ಮೊದಲ ಸಲ ಮಾಡಿದಾಗ ಮಾರ್ಕೆಟ್ ಹತ್ರ ಒಂದು ಗ್ರಂಥಿಗೆ ಅಂಗಡಿಗೆ ಹೋದೆ. "ಅಣ್ಣಾ, ಒಣಗಿದ ನೆಲನೆಲ್ಲಿ ಇದ್ಯಾ?" ಅಂದೆ, "ಇದೆ ಕಣಮ್ಮ, ಯಾರಿಗೆ ಕಾಮಾಲೆ?" ಅಂತ ಕೇಳ್ತಾನೇ ಕಾಲು ಕೆಜಿ ಕಟ್ಟಿಕೊಟ್ರು. ಲ್ಯಾಬಿಗೆ ತಂದು ಪೇಪರ್ ಮೇಲೆ ಹರಡಿ ಲೆನ್ಸ್ ಹಿಡಿದು ನೋಡಿದ್ರೆ ಒಂದೇ ಕಟ್ಟಲ್ಲಿ ಎರಡು ಥರದ ಕಾಯಿ. ಒಂದರದ್ದು ನುಣ್ಣಗೆ, ಸಣ್ಣ ತೊಟ್ಟಿನ ಮೇಲೆ ನೇತಾಡ್ತಿತ್ತು, ಇನ್ನೊಂದರದ್ದು ಮೈಯೆಲ್ಲ ತರಿತರಿ, ತೊಟ್ಟೇ ಇಲ್ಲ ಅನ್ನೋ ಹಾಗೆ ಕಾಂಡಕ್ಕೇ ಅಂಟ್ಕೊಂಡಿತ್ತು. ಮೊದಲನೇದು ಫಿಲ್ಲಾಂಥಸ್ ಅಮಾರಸ್, ಎರಡನೇದು ಫಿಲ್ಲಾಂಥಸ್ ಯುರಿನೇರಿಯಾ. ಅಂಗಡಿಯವರದ್ದು ತಪ್ಪು ಅಂತ ನಾನು ಹೇಳಲ್ಲ, ಹಳ್ಳಿಯಲ್ಲಿ ಕಿತ್ತು ಮಾರೋರಿಗೆ ಎರಡೂ ನೆಲನೆಲ್ಲೀನೇ. ದಕ್ಷಿಣ ಭಾರತದ ಅಂಗಡಿಗಳಲ್ಲಿ ಸಿಗೋ ನೆಲನೆಲ್ಲೀಲಿ ಹಲವಾರು ಜಾತಿ ಬೆರೆತಿರುತ್ತೆ ಅಂತ ಡಿಎನ್‌ಎ ಬಾರ್‌ಕೋಡ್ ಮಾಡಿ ನಮ್ಮ ಬೆಂಗಳೂರಿನ ಸಂಶೋಧಕರೇ 2010ರಲ್ಲಿ ತೋರಿಸಿದ್ದಾರೆ. ಹಾಗಾಗಿ ಅಂಗಡಿ ಪುಡಿ ತಂದು ಟೆಸ್ಟ್ ಮಾಡಿದ್ರೆ ನೀವು ಬರೆಯೋ ಹೆಸರಿಗೆ ಅರ್ಥಾನೇ ಇರಲ್ಲ. ಪುಡಿ ಅಂತೂ ಬೇಡ್ವೇ ಬೇಡ, ಪುಡಿಯಲ್ಲಿ ಕಾಯಿ ನೋಡೋಕೆ ಎಲ್ಲಿ ಆಗುತ್ತೆ.

ನೀವೇ ಕಿತ್ಕೊಂಡು ಬನ್ನಿ. ಜೂನಿಂದ ಸೆಪ್ಟೆಂಬರ್ ಒಳಗೆ ನಾಲ್ಕು ಮಳೆ ಬಿದ್ರೆ ಸಾಕು, ಖಾಲಿ ಸೈಟು, ತೋಟದ ಬದು, ಎಲ್ಲಾ ಕಡೆ ಹುಟ್ಟಿರುತ್ತೆ. ಆದ್ರೆ ರಿಂಗ್ ರೋಡ್ ಪಕ್ಕದ್ದು, ರಾಜಕಾಲುವೆ ದಡದ್ದು ಬೇಡ, ಸೀಸ ಕ್ಯಾಡ್ಮಿಯಂ ಏನೇನೋ ಮಣ್ಣಲ್ಲಿ ಸೇರಿರುತ್ತೆ, ಆಮೇಲೆ ಸೆಲ್ಸ್ ಸತ್ತಿದ್ದು ಗಿಡಕ್ಕೋ ಸೀಸಕ್ಕೋ ಅಂತ ನೀವೇ ಕೂತ್ಕೊಂಡು ಯೋಚನೆ ಮಾಡ್ಬೇಕಾಗುತ್ತೆ. ಊರ ಕಡೆ ಯಾರದ್ದಾದ್ರೂ ತೋಟ ಇದ್ರೆ ಔಷಧಿ ಹೊಡೆದಿಲ್ಲ ಅಂತ ಕೇಳ್ಕೊಂಡು ಅಲ್ಲಿಂದ ತನ್ನಿ. ಕಿತ್ತಿದ ತಾರೀಕು, ಜಾಗ, ಹೂ ಬಿಟ್ಟಿತ್ತಾ ಕಾಯಿ ಕಟ್ಟಿತ್ತಾ ಎಲ್ಲ ಅಲ್ಲೇ ನಿಂತು ಬರ್ಕೊಳ್ಳಿ.

ಬೇರು, ಹೂ, ಕಾಯಿ ಸಮೇತ ಎರಡು ಮೂರು ಗಿಡ ಪೇಪರ್ ಮಧ್ಯೆ ಒತ್ತಿ ಒಣಗಿಸಿ ಹರ್ಬೇರಿಯಂ ಶೀಟ್ ಮಾಡಿ. ಯಲಹಂಕದಲ್ಲಿ ಎಫ್‌ಆರ್‌ಎಲ್‌ಎಚ್‌ಟಿ ಅನ್ನೋ ಸಂಸ್ಥೆಯ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಇದೆ, ಔಷಧಿ ಗಿಡಗಳಿಗೇ ಹೆಸರಾದ ಜಾಗ, ಅಂಥ ಕಡೆ ಅಥವಾ ನಿಮ್ಮ ಯೂನಿವರ್ಸಿಟಿ ಬಾಟನಿ ಡಿಪಾರ್ಟ್‌ಮೆಂಟಲ್ಲಿ ಟ್ಯಾಕ್ಸಾನಮಿ ಗೊತ್ತಿರೋರ ಕೈಲಿ ಗುರುತಿಸಿ ವೌಚರ್ ನಂಬರ್ (ಆ ಶೀಟಿನ ದಾಖಲೆ ಸಂಖ್ಯೆ) ತಗೊಳ್ಳಿ. ಇನ್ನೊಂದು, ಹಳೇ ಪುಸ್ತಕಗಳಲ್ಲಿ ಫಿಲ್ಲಾಂಥಸ್ ನಿರುರಿ ಅಂತ ಇರೋದು ನಮ್ಮ ಕಡೆ ಬಹುಪಾಲು ಅಮಾರಸ್ಸೇ, ಆ ಹೆಸರನ್ನ ಹಾಗೇ ಕಾಪಿ ಹೊಡೀಬೇಡಿ.

ಕಾನೂನಿನ ವಿಷಯ ಚಿಕ್ಕದಾಗಿ: ಕಾಡಿಂದ ತರೋದಾದ್ರೆ ಅರಣ್ಯ ಇಲಾಖೆ ಅನುಮತಿ ಬೇಕು, ಮತ್ತೆ ಸ್ಯಾಂಪಲ್ ವಿದೇಶಿ ಲ್ಯಾಬಿಗೆ ಹೋಗುತ್ತೆ ಅಥವಾ ಪೇಟೆಂಟ್ ಹಾಕೋ ಯೋಚನೆ ಇದೆ ಅಂದ್ರೆ 2002ರ ಜೀವವೈವಿಧ್ಯ ಕಾಯ್ದೆ ಬರುತ್ತೆ, ಗೈಡ್ ಹತ್ರ ಮೊದಲೇ ಮಾತಾಡಿ.

ಹೆಜ್ಜೆ 2: ಒಣಗಿಸೋದು, ಸಾರ ತೆಗೆಯೋದು

ನೆರಳಲ್ಲಿ ಒಣಗಿಸಿ. ಬೆಂಗಳೂರಿನ ಜುಲೈ ತಿಂಗಳಲ್ಲಿ ಇದೇ ದೊಡ್ಡ ತಲೆನೋವು, ಜಿಟಿಜಿಟಿ ಮಳೆ, ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತೆ, ಬೂಷ್ಟಿನ ವಿಷಗಳೇ ಲಿವರ್ ಸೆಲ್ಸಿಗೆ ಕೆಟ್ಟವು. ತೆಳ್ಳಗೆ ಹರಡಿ, ಫ್ಯಾನ್ ಹಾಕಿ, ಆಗ್ಲಿಲ್ಲ ಅಂದ್ರೆ 40 ಡಿಗ್ರಿ ಓವನ್‌ನಲ್ಲಿಟ್ಟು ಮುಗಿಸಿ. ಮುರಿದ್ರೆ ಚಟ್ ಅನ್ಬೇಕು. ಮಿಕ್ಸಿಗೆ ಹಾಕಿ ಪುಡಿ ಮಾಡಿ, ಬಿಟ್ಟುಬಿಟ್ಟು ತಿರುಗಿಸಿ, ಜಾರ್ ಬಿಸಿ ಆಗ್ಬಾರ್ದು.

ಯಾವ ದ್ರಾವಕ ಅನ್ನೋದು ನಿಮ್ಮ ಪ್ರಶ್ನೆ ಮೇಲೆ ಹೋಗುತ್ತೆ. ನೆಲನೆಲ್ಲೀಲಿ ಎರಡು ಗುಂಪಿನ ವಸ್ತು ಮುಖ್ಯ: ಫಿಲ್ಲಾಂಥಿನ್, ಹೈಪೋಫಿಲ್ಲಾಂಥಿನ್ ಅನ್ನೋ ಲಿಗ್ನಾನ್‌ಗಳು, ಇವು ಎಲೆಯಲ್ಲೇ ಜಾಸ್ತಿ, ಹೆಕ್ಸೇನ್‌ಗೂ ಮೆಥನಾಲ್‌ಗೂ ಬರ್ತವೆ, ನೀರಿಗೆ ಬರಲ್ಲ. ಇನ್ನೊಂದು ಕಡೆ ಜೆರಾನಿನ್, ಕೊರಿಲಾಜಿನ್ ಥರದ ಟ್ಯಾನಿನ್‌ಗಳು, ಇವು ನೀರಿಗೂ ಮೆಥನಾಲ್‌ಗೂ ಸಲೀಸಾಗಿ ಇಳಿತವೆ. ಈ ಟ್ಯಾನಿನ್ ಅನ್ನ ಜ್ಞಾಪಕ ಇಟ್ಕೊಳ್ಳಿ, ಮುಂದೆ ಆಟ ಆಡಿಸೋದು ಇವೇ.

ನಾನು ಮಾಡೋ ರೀತಿ: 50 ಗ್ರಾಂ ಪುಡಿಗೆ 500 ಎಂಎಲ್ ಹೆಕ್ಸೇನ್, ಶೇಕರ್ ಮೇಲೆ 24 ಗಂಟೆ, ಸೋಸಿ ಮತ್ತೆ ಎರಡು ಸಲ ಹೊಸ ಹೆಕ್ಸೇನ್. ಉಳಿದ ಚರಟ ಒಣಗಿಸಿ ಅದಕ್ಕೇ ಈಥೈಲ್ ಅಸಿಟೇಟ್, ಆಮೇಲೆ ಮೆಥನಾಲ್, ಕೊನೆಗೆ ನೀರು. ವಾಟ್‌ಮನ್ 1 ಪೇಪರಲ್ಲಿ ಸೋಸಿ ರೋಟಾವೇಪರ್‌ನಲ್ಲಿ 40 ಡಿಗ್ರಿ ಬಾತ್ ಇಟ್ಟು ಆರಿಸಿ, ನೀರಿನ ಸಾರ ಮಾತ್ರ ಹೆಪ್ಪುಗಟ್ಟಿಸಿ ಒಣಗಿಸೋ ಲಯೊಫಿಲೈಸರ್‌ಗೆ. ಸಾಕ್ಸ್‌ಲೆಟ್ (ದ್ರಾವಕ ಕುದಿಸಿ ಸಾರ ತೆಗೆಯೋ ಉಪಕರಣ) ಬೇಗ ಆಗುತ್ತೆ ನಿಜ, ಆದ್ರೆ ಗಂಟೆಗಟ್ಟಲೆ ಕುದಿಯುತ್ತೆ, ಶಾಖಕ್ಕೆ ಒಡೆಯೋ ವಸ್ತು ಇದ್ರೆ ಹೋಯ್ತು, ಅದಕ್ಕೇ ನಾನು ನೆನೆಸೋದನ್ನೇ ನೆಚ್ಕೊಂಡಿದ್ದೀನಿ. ಹೆಕ್ಸೇನ್ ಇರೋ ಕಡೆ ಬೆಂಕಿ, ಬರ್ನರ್, ಹಾಟ್‌ಪ್ಲೇಟ್ ಏನೂ ಇರ್ಬಾರ್ದು, ಫ್ಯೂಮ್ ಹುಡ್ ಬಿಟ್ಟು ಆಚೆ ತರ್ಬೇಡಿ.

ಬಾಟಲಿ ತೂಕ ಮೊದಲೇ ತಗೊಂಡಿರಿ, ಒಣಗಿದ ಮೇಲೆ ಮತ್ತೆ ತೂಗಿ ಇಳುವರಿ ಲೆಕ್ಕ ಹಾಕಿ. 50 ಗ್ರಾಂ ಪುಡಿಯಿಂದ 4 ಗ್ರಾಂ ಮೆಥನಾಲ್ ಸಾರ ಬಂದ್ರೆ 8 ಪರ್ಸೆಂಟ್. ಎಲ್ಲ ಸಣ್ಣ ಸಣ್ಣ ವಯಲ್‌ಗಳಿಗೆ ಹಂಚಿ ಮೈನಸ್ 20ಕ್ಕೆ ಇಡಿ. ಒಂದು ವಯಲ್ ಮಾತ್ರ ಎಚ್‌ಪಿಟಿಎಲ್‌ಸಿ ಅಥವಾ ಎಚ್‌ಪಿಎಲ್‌ಸಿ ಅನ್ನೋ, ಸಾರದ ವಸ್ತುಗಳನ್ನ ಬೇರ್ಪಡಿಸಿ ತೋರಿಸೋ ಪರೀಕ್ಷೆಗೆ ಕೊಡಿ, ಫಿಲ್ಲಾಂಥಿನ್ ಸ್ಟ್ಯಾಂಡರ್ಡ್ ಪಕ್ಕದಲ್ಲಿ ಓಡಿಸಿ ಚಿತ್ರ ಇಟ್ಕೊಳ್ಳಿ. ಮುಂದಿನ ವರ್ಷ ನಿಮ್ಮ ಜೂನಿಯರ್ ಅದೇ ಗಿಡ ತಂದಾಗ ಅದೇ ಸಾರ ಬಂತಾ ಅಂತ ಹೋಲಿಸೋಕೆ ಇದೊಂದೇ ದಾರಿ.

ಹೆಜ್ಜೆ 3: ಸ್ಟಾಕ್ ಮಾಡೋದು

ಸ್ಟಾಕ್ ಅಂದ್ರೆ ಆಮೇಲೆ ತೆಳು ಮಾಡ್ಕೊಳ್ಳೋ ಗಟ್ಟಿ ದ್ರಾವಣ. ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಎಂಎಲ್‌ಗೆ 100 ಮಿಲಿಗ್ರಾಂ ಸಾರ. ವೊರ್ಟೆಕ್ಸ್ ಮಾಡಿ, ಬೇಕಾದ್ರೆ ಸೊನಿಕೇಟ್ ಮಾಡಿ, ಕೆಳಗೆ ಏನಾದ್ರೂ ಕೂತ್ರೆ "ಪರವಾಗಿಲ್ಲ" ಅನ್ಬೇಡಿ, ಕೂತಿದ್ದು ಎಷ್ಟು ಅಂತ ಗೊತ್ತಿಲ್ಲದೆ ಕಾನ್ಸಂಟ್ರೇಶನ್ ಬರೆಯೋಕಾಗಲ್ಲ, ಎಂಎಲ್‌ಗೆ 50ಕ್ಕೆ ಇಳಿಸಿ ಹೊಸದಾಗಿ ಮಾಡಿ. ಫಿಲ್ಟರ್ ಮಾಡೋದಾದ್ರೆ ಡಿಎಂಎಸ್‌ಒ ತಡೆಯೋ ಪಿಟಿಎಫ್‌ಇ ಫಿಲ್ಟರ್ ತಗೊಳ್ಳಿ, ಸೆಲ್ಯುಲೋಸ್ ಅಸಿಟೇಟ್ ಫಿಲ್ಟರ್ ಡಿಎಂಎಸ್‌ಒಗೆ ಕರಗಿ ಅದೇ ನಿಮ್ಮ ಸ್ಟಾಕಿಗೆ ಸೇರ್ಕೊಳ್ಳುತ್ತೆ.

ಒಂದು ಚಿಕ್ಕ ಪರೀಕ್ಷೆ, ಒಂದು ನಿಮಿಷ ಸಾಕು: ಸ್ವಲ್ಪ ಸಾರನ ನೀರಲ್ಲಿ ಹಾಕಿ ಟ್ಯೂಬ್ ಜೋರಾಗಿ ಅಲ್ಲಾಡಿಸಿ. ಅಂಟವಾಳದ ಕಾಯಿ ಥರ ನೊರೆ ಬಂದು ಹತ್ತು ನಿಮಿಷ ಆದ್ರೂ ಇಳೀಲಿಲ್ಲ ಅಂದ್ರೆ ಸಪೋನಿನ್ ಇದೆ. ಸಪೋನಿನ್ ಸೆಲ್ ಪೊರೇನೇ ತೂತು ಮಾಡುತ್ತೆ, ಕ್ಯಾನ್ಸರ್ ಸೆಲ್ ಆಗ್ಲಿ ರಕ್ತದ ಕೆಂಪು ಕಣ ಆಗ್ಲಿ ಅದಕ್ಕೆ ಎಲ್ಲ ಒಂದೇ.

ಹೆಜ್ಜೆ 4: ಸೆಲ್ಸ್ ತರಿಸೋದು, ಸಾಕೋದು

ಪುಣೆಯ ಎನ್‌ಸಿಸಿಎಸ್ (ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ) ಸೆಲ್ಸ್ ರೆಪಾಸಿಟರಿಯಿಂದ ತರಿಸ್ಕೊಳ್ಳಿ. ಪಕ್ಕದ ಲ್ಯಾಬಿನ ಗೆಳತಿ ಕೊಟ್ಟ ಫ್ಲಾಸ್ಕ್ ಬಿಟ್ಟಿ ಸಿಗುತ್ತೆ ನಿಜ, ಆದ್ರೆ ಅದು ಎಷ್ಟನೇ ಪ್ಯಾಸೇಜು (ಎಷ್ಟು ಸಲ ಹೊಸ ಫ್ಲಾಸ್ಕಿಗೆ ದಾಟಿಸಿದ್ದು), ಅದರಲ್ಲಿ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಇದ್ಯಾ, ಅದು ನಿಜವಾಗ್ಲೂ ಹೆಪ್‌ಜಿ2 ಹೌದಾ ಅನ್ನೋದು ಅವಳಿಗೂ ಗೊತ್ತಿರಲ್ಲ.

ಎಲ್ಲರೂ ಬಳಸೋದು ಹೆಪ್‌ಜಿ2. ಇದು ಅರ್ಜೆಂಟೀನಾದ 15 ವರ್ಷದ ಹುಡುಗನ ಲಿವರ್ ಗಡ್ಡೆಯಿಂದ ಬಂದಿದ್ದು, ಬಹಳ ಕಾಲ ಹೆಪಟೋಸೆಲ್ಯುಲರ್ ಕಾರ್ಸಿನೋಮಾ ಅಂತಾನೇ ಬರೀತಿದ್ರು, ಮೂಲ ಗಡ್ಡೆ ಹೆಪಟೋಬ್ಲಾಸ್ಟೋಮಾ (ಮಕ್ಕಳಲ್ಲಿ ಬರೋ ಲಿವರ್ ಕ್ಯಾನ್ಸರ್) ಅಂತ 2009ರಲ್ಲಿ ತಿದ್ದಿದ್ರು. ದೊಡ್ಡವರಲ್ಲಿ ಹೆಪಟೈಟಿಸ್ ಬಿ, ಕುಡಿತ, ಫ್ಯಾಟಿ ಲಿವರ್‌ನಿಂದ ಬರೋ ಕ್ಯಾನ್ಸರಿಗೂ ಇದಕ್ಕೂ ವ್ಯತ್ಯಾಸ ಇದೆ. ಅದಕ್ಕೇ ಜೊತೆಗೆ ಹುಹ್7 ಮತ್ತೆ ಹೆಪ್3ಬಿ ಅನ್ನೋ ಬೇರೆ ಲಿವರ್ ಕ್ಯಾನ್ಸರ್ ಸೆಲ್ಸ್ ಇಟ್ಕೊಳ್ಳಿ. ಹೆಪ್‌ಜಿ2ನಲ್ಲಿ ಪಿ53 (ಕೆಟ್ಟ ಸೆಲ್ ಬೆಳೆಯದ ಹಾಗೆ ತಡೆಯೋ ಜೀನ್) ಸರಿಯಾಗಿದೆ, ಹುಹ್7ನಲ್ಲಿ ಕೆಟ್ಟಿದೆ, ಹೆಪ್3ಬಿನಲ್ಲಿ ಇಲ್ಲವೇ ಇಲ್ಲ, ಮೂರರಲ್ಲೂ ಒಂದೇ ಥರ ಬಂದ್ರೆ ಪಿ53 ಇಲ್ದೇನೂ ಕೆಲಸ ನಡೀತಿದೆ ಅನ್ನೋ ಸುಳಿವು ಸಿಗುತ್ತೆ.

ನಾರ್ಮಲ್ ಲಿವರ್ ಸೆಲ್ ಯಾವುದು ಅನ್ನೋದು ದೊಡ್ಡ ಹಳ್ಳ, ದಯವಿಟ್ಟು ಬೀಳ್ಬೇಡಿ. ಎಷ್ಟೋ ಪೇಪರಲ್ಲಿ ಚಾಂಗ್ ಲಿವರ್, ಡಬ್ಲ್ಯುಆರ್‌ಎಲ್-68, ಎಲ್-02 ಇವನ್ನ ನಾರ್ಮಲ್ ಲಿವರ್ ಅಂತ ಹಾಕಿರ್ತಾರೆ, ಇವು ಹೇಲಾ ಸೆಲ್ಸಿಂದ ಕಲುಷಿತ ಆಗಿರೋವು, ಅಂದ್ರೆ ಗರ್ಭಕೊರಳಿನ ಕ್ಯಾನ್ಸರ್ ಸೆಲ್ಸು! "ಕ್ಯಾನ್ಸರ್ ಸೆಲ್ ಸಾಯ್ತು, ನಾರ್ಮಲ್ ಸೆಲ್ ಬದುಕ್ತು" ಅಂತ ಬರೆದಿರೋದು ಎರಡು ಕ್ಯಾನ್ಸರ್‌ಗಳ ಹೋಲಿಕೆ ಅಷ್ಟೇ. ನಾರ್ಮಲ್ ಲಿವರಿಂದಲೇ ಬಂದ ಟಿಎಚ್‌ಎಲ್‌ಇ-2 ಸೆಲ್ಸ್ ಸಿಕ್ಕಿದ್ರೆ ಒಳ್ಳೇದು, ದುಡ್ಡಿದ್ರೆ ಪ್ರೈಮರಿ ಹೆಪಟೋಸೈಟ್ಸ್ (ಲಿವರಿಂದ ನೇರವಾಗಿ ತೆಗೆದ ಸೆಲ್ಸ್), ಎರಡೂ ಆಗ್ಲಿಲ್ಲ ಅಂದ್ರೆ ಚರ್ಮದ ನಾರ್ಮಲ್ ಫೈಬ್ರೋಬ್ಲಾಸ್ಟ್ ಹಾಕಿ, ಅದು ಲಿವರ್ ಅಲ್ಲ ಅಂತ ಸ್ಪಷ್ಟವಾಗಿ ಬರೀರಿ.

ಸಾಕೋದು ಕಷ್ಟ ಇಲ್ಲ: 10 ಪರ್ಸೆಂಟ್ ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಂ) ಹಾಕಿದ ಡಿಎಂಇಎಂ ಅಥವಾ ಇಎಂಇಎಂ ಮೀಡಿಯಾ (ಸೆಲ್ಸ್ ಬೆಳೆಯೋ ಪೋಷಕ ದ್ರವ), 37 ಡಿಗ್ರಿ, 5 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್. ಹೆಪ್‌ಜಿ2ಗೆ ಒಂದು ಚಟ ಇದೆ, ಗುಂಪುಗುಂಪಾಗಿ ದ್ವೀಪದ ಥರ ಬೆಳೆಯುತ್ತೆ, ಅಂಟು ಬಿಡಿಸೋ ಟ್ರಿಪ್ಸಿನ್ ಎಂಜೈಮ್ ಹಾಕಿ ಎಬ್ಬಿಸಿದ್ರೂ ಉಂಡೆ ಬಿಡಲ್ಲ. 80 ಪರ್ಸೆಂಟ್ ತುಂಬೋ ಮೊದಲೇ ಪ್ಯಾಸೇಜ್ ಮಾಡಿ, ಟ್ರಿಪ್ಸಿನ್ ಹಾಕೋ ಮುಂಚೆ ಪಿಬಿಎಸ್ ಅನ್ನೋ ಉಪ್ಪಿನ ದ್ರಾವಣದಲ್ಲಿ ಎರಡು ಸಲ ತೊಳೀರಿ, ಆಮೇಲೆ 10 ಎಂಎಲ್ ಪಿಪೆಟ್ ತುದೀನ ಫ್ಲಾಸ್ಕ್ ಗೋಡೆಗೆ ಒರಗಿಸಿ ಮೆತ್ತಗೆ ಮೇಲೆ ಕೆಳಗೆ ಎಳೀರಿ. ಉಂಡೆ ಉಂಡೆಯಾಗೇ ಪ್ಲೇಟಿಗೆ ಹಾಕಿದ್ರೆ ಒಂದು ವೆಲ್‌ನಲ್ಲಿ (ಪ್ಲೇಟಿನ ಒಂದು ಪುಟ್ಟ ಗುಳಿಯಲ್ಲಿ) ಜಾತ್ರೆ, ಪಕ್ಕದ್ದರಲ್ಲಿ ಖಾಲಿ ಮೈದಾನ. ಕರೆಂಟು ಹೋಗೋ ಏರಿಯಾ ಆದ್ರೆ ಇನ್ಕ್ಯುಬೇಟರ್ ಯುಪಿಎಸ್‌ಗೆ ಸೇರಿದೆಯಾ ಅಂತ ಶುಕ್ರವಾರ ಸಂಜೆ ನೋಡ್ಕೊಂಡೇ ಮನೆಗೆ ಹೋಗಿ.

ತಿಂಗಳಿಗೊಂದು ಸಲ ಮೈಕೋಪ್ಲಾಸ್ಮಾ ಪಿಸಿಆರ್, ಶುರುವಲ್ಲಿ ಒಂದು ಎಸ್‌ಟಿಆರ್ ಪ್ರೊಫೈಲ್ (ಸೆಲ್ಸ್ ಯಾವುದು ಅಂತ ಡಿಎನ್‌ಎಯಿಂದ ಗುರುತಿಸೋ ಪರೀಕ್ಷೆ). ಮನುಷ್ಯರ ಸೆಲ್ಸ್ ಆದ್ರಿಂದ ಬಯೋಸೇಫ್ಟಿ ಲೆವೆಲ್ 2 ಹುಡ್, ಗ್ಲೌಸ್, ಕೋಟು, ಬಾಯಲ್ಲಿ ಪಿಪೆಟ್ ಎಳೆಯೋದು ಕನಸಲ್ಲೂ ಬೇಡ.

ಹೆಜ್ಜೆ 5: ಪ್ಲೇಟ್ ಹಾಕೋದು

96 ವೆಲ್ ಪ್ಲೇಟಿನ ಸುತ್ತಲಿನ 36 ವೆಲ್‌ಗೆ ಬರೀ ಪಿಬಿಎಸ್ ತುಂಬಿ, ಅಂಚಿನ ವೆಲ್‌ಗಳು ಬೇಗ ಆರ್ತವೆ, ಅಲ್ಲಿನ ನಂಬರ್ ನಂಬೋಹಾಗಿಲ್ಲ. ಒಳಗೆ ಉಳಿಯೋದು 60, ಅಂದ್ರೆ 6 ಸಾಲು, 10 ಕಾಲಂ. ಮೊದಲ 7 ಕಾಲಂ ಸಾರದ ಏಳು ಕಾನ್ಸಂಟ್ರೇಶನ್, ಎಂಟನೇದು ಸಾರ ಇಲ್ಲದೆ ಅಷ್ಟೇ ಡಿಎಂಎಸ್‌ಒ ಹಾಕಿದ ಮೀಡಿಯಾ, ಒಂಬತ್ತನೇದು ಏನೂ ಹಾಕದ ಮೀಡಿಯಾ, ಹತ್ತನೇದು ಹೋಲಿಕೆಗೆ ಡಾಕ್ಸೊರುಬಿಸಿನ್ ಅಥವಾ ಸೊರಾಫೆನಿಬ್ ಅನ್ನೋ ಕ್ಯಾನ್ಸರ್ ಔಷಧಿ. ಸಾಲುಗಳಲ್ಲಿ ಮೇಲಿನ ನಾಲ್ಕಕ್ಕೆ ಸೆಲ್ಸ್, ಕೆಳಗಿನ ಎರಡಕ್ಕೆ ಸೆಲ್ಸೇ ಇಲ್ಲ, ಉಳಿದದ್ದೆಲ್ಲ ಹಾಗೇ. ಆ ಕೆಳಗಿನ ಎರಡು ಸಾಲೇ ಈ ಇಡೀ ಗೈಡಿನ ಜೀವ, ಯಾಕೆ ಅಂತ ಹೆಜ್ಜೆ 6ರಲ್ಲಿ ಹೇಳ್ತೀನಿ.

ಸೆಲ್ಸ್ ಲೆಕ್ಕ: ವೆಲ್‌ಗೆ 8,000, 100 ಮೈಕ್ರೋಲೀಟರಲ್ಲಿ. ಅಂದ್ರೆ ಎಂಎಲ್‌ಗೆ 80,000. 40 ವೆಲ್‌ಗೆ 4 ಎಂಎಲ್ ಬೇಕು, 5 ಎಂಎಲ್ ಮಾಡ್ಕೊಳ್ಳಿ. ಟ್ರಿಪಾನ್ ಬ್ಲೂ ಸಮ ಸಮ ಬೆರೆಸಿ ಹೀಮೋಸೈಟೋಮೀಟರ್‌ನಲ್ಲಿ ನಾಲ್ಕು ಮೂಲೆ ಚೌಕ ಎಣಿಸಿ, ಸರಾಸರಿ 40 ಬಂತು ಅಂದ್ಕೊಳ್ಳಿ, 40 ಗುಣಿಲೆ 2 ಗುಣಿಲೆ 10,000, ಎಂಎಲ್‌ಗೆ 8 ಲಕ್ಷ. ಅದರಲ್ಲಿ ಅರ್ಧ ಎಂಎಲ್ ತಗೊಂಡು ನಾಲ್ಕೂವರೆ ಎಂಎಲ್ ಮೀಡಿಯಾಗೆ ಹಾಕಿದ್ರೆ ಆಯ್ತು. ನೀಲಿ ಬಣ್ಣ ಹೀರಿದ ಸತ್ತ ಸೆಲ್ಸ್ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇದ್ರೆ ಇವತ್ತು ಬೇಡ, ಬಿಟ್ಬಿಡಿ. ಪ್ಲೇಟ್ ಹಾಕಿದ ಮೇಲೆ 15-20 ನಿಮಿಷ ಹುಡ್ ಒಳಗೇ ಅಲ್ಲಾಡಿಸದೆ ಇಟ್ಟು ಆಮೇಲೆ ಇನ್ಕ್ಯುಬೇಟರ್‌ಗೆ ಇಡಿ, ಸೆಲ್ಸ್ ಸಮನಾಗಿ ಕೂರ್ತವೆ. 24 ಗಂಟೆ ಅಂಟ್ಕೊಳ್ಳಕ್ಕೆ ಬಿಡಿ.

ಮಾರನೇ ದಿನ ಸಾರ. ಬೇಕಾದ್ದರ ಎರಡರಷ್ಟು ಗಟ್ಟಿ ಮಾಡಿ 100 ಮೈಕ್ರೋಲೀಟರ್ ಸೇರಿಸಿದ್ರೆ ವೆಲ್‌ನಲ್ಲಿ ಅರ್ಧ ಆಗುತ್ತೆ. 4 ಮೈಕ್ರೋಲೀಟರ್ ಸ್ಟಾಕ್ (ಎಂಎಲ್‌ಗೆ 100 ಮಿಲಿಗ್ರಾಂದು), 996 ಮೈಕ್ರೋಲೀಟರ್ ಮೀಡಿಯಾ, ಇದು ಎಂಎಲ್‌ಗೆ 400 ಮೈಕ್ರೋಗ್ರಾಂ, ವೆಲ್‌ಗೆ ಹೋದ ಮೇಲೆ 200. ಅಲ್ಲಿಂದ ಅರ್ಧ ಅರ್ಧ ಇಳಿಸ್ತಾ 100, 50, 25, 12.5, 6.25, ಕೊನೆಗೆ 3.1. ಎಚ್ಚರ, ಇಳಿಸೋಕೆ ಬರೀ ಮೀಡಿಯಾ ಬಳಸ್ಬೇಡಿ, 0.4 ಪರ್ಸೆಂಟ್ ಡಿಎಂಎಸ್‌ಒ ಹಾಕಿರೋ ಮೀಡಿಯಾ ಬಳಸಿ, ಆಗ ಸಾರದ ಎಲ್ಲಾ ವೆಲ್‌ನಲ್ಲೂ ಡಿಎಂಎಸ್‌ಒ ಒಂದೇ ಸಮ 0.2 ಪರ್ಸೆಂಟ್ ಇರುತ್ತೆ. ಹೀಗೆ 48 ಅಥವಾ 72 ಗಂಟೆ. ಹೆಪ್‌ಜಿ2 ಇಮ್ಮಡಿ ಆಗೋಕೇ ಸುಮಾರು ಎರಡು ದಿನ ಬೇಕು, ಅದಕ್ಕೇ 24 ಗಂಟೆಗೆ ಓದಿದ್ರೆ ಬೆಳವಣಿಗೆ ನಿಲ್ಲಿಸೋ ವಸ್ತು ನಿಮ್ಮ ಕಣ್ಣಿಗೇ ಬೀಳಲ್ಲ.

ಓದೋ ಮುಂಚೆ ಮೈಕ್ರೋಸ್ಕೋಪಲ್ಲಿ ನೋಡಿ, ಫೋಟೋ ತೆಗೀರಿ. ಸೆಲ್ಸ್ ದುಂಡಗಾಗಿ ತೇಲ್ತಿದ್ಯಾ, ಗುಳ್ಳೆ ಗುಳ್ಳೆ ಎದ್ದಿದ್ಯಾ, ಅಥವಾ ಸಾರವೇ ಕಂದು ಚರಟ ಕಟ್ಟಿ ಸೆಲ್ಸ್ ಮೇಲೆ ಕೂತಿದ್ಯಾ, ಇದನ್ನ ಯಾವ ರೀಡರ್ ಮಷೀನೂ ಹೇಳಲ್ಲ.

ಹೆಜ್ಜೆ 6: ಎಂಟಿಟಿ, ಮತ್ತೆ ಆ ನೇರಳೆ ಬಣ್ಣದ ರಾತ್ರಿ

1983ರಲ್ಲಿ ಮಾಸ್‌ಮನ್ ಶುರು ಮಾಡಿದ ವಿಧಾನ. ಹಳದಿ ಎಂಟಿಟಿ ಬದುಕಿರೋ ಸೆಲ್ ಒಳಗೆ ಹೋಗಿ ನೇರಳೆ ಫಾರ್ಮಜಾನ್ ಹರಳಾಗುತ್ತೆ, ಬಣ್ಣ ಎಷ್ಟು ಗಾಢವೋ ಅಷ್ಟು ಸೆಲ್ಸ್ ಬದುಕಿವೆ ಅಂತ ಲೆಕ್ಕ. ಎಂಎಲ್‌ಗೆ 5 ಮಿಲಿಗ್ರಾಂ ಎಂಟಿಟಿ ಪಿಬಿಎಸ್‌ನಲ್ಲಿ, 200 ಮೈಕ್ರೋಲೀಟರ್ ವೆಲ್‌ಗೆ 20 ಹಾಕಿ, ಕತ್ತಲಲ್ಲಿ 37 ಡಿಗ್ರಿಗೆ 3-4 ಗಂಟೆ. ಮೀಡಿಯಾ ಮೆಲ್ಲಗೆ ತೆಗೀರಿ, ತುದಿ ಗೋಡೆಗೆ ತಾಗಿಸಿ ಓರೆಯಾಗಿ, ಹೆಪ್‌ಜಿ2 ಹಾಳೆ ಹಾಳೆಯಾಗಿ ಎದ್ದು ಬರುತ್ತೆ. 100 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿ ಹತ್ತು ನಿಮಿಷ ಶೇಕ್ ಮಾಡಿ 570 ನ್ಯಾನೋಮೀಟರಲ್ಲಿ ಓದಿ.

ಈಗ ಆ ಎರಡು ಸಾಲಿನ ಕತೆ. ನನ್ನ ಮೊದಲ ನೀರಿನ ಸಾರದ ಪ್ಲೇಟು, ರಾತ್ರಿ ಒಂಬತ್ತು ಗಂಟೆ ಆಗಿತ್ತು, ಎಂಟಿಟಿ ಹಾಕಿ ಇಪ್ಪತ್ತು ನಿಮಿಷ ಆಗಿರ್ಬೇಕು, ಸುಮ್ನೆ ಬಾಗಿಲು ತೆಗೆದು ನೋಡಿದೆ. ಕೆಳಗಿನ ಎರಡು ಸಾಲು, ಒಂದೇ ಒಂದು ಸೆಲ್ ಇಲ್ಲದ ಸಾಲು, ಬಲದಿಂದ ಎಡಕ್ಕೆ ಮಸುಕಿಂದ ಗಾಢಕ್ಕೆ ನೇರಳೆ ತಿರುಗ್ತಿತ್ತು, 200ರ ವೆಲ್ ಅಂತೂ ನೇರಳೆಹಣ್ಣು ಕಿವುಚಿದ ಹಾಗಿತ್ತು. ಸೆಲ್ಸೇ ಇಲ್ಲದ ಕಡೆ ಬಣ್ಣ ಎಲ್ಲಿಂದ ಬಂತು? ಟ್ಯಾನಿನ್, ಪಾಲಿಫಿನಾಲ್ ಇವೆಲ್ಲ ಎಲೆಕ್ಟ್ರಾನ್ ಕೊಡೋಕೆ ಕಾಯ್ತಿರೋ ವಸ್ತುಗಳು, ಎಂಟಿಟಿನ ಅವೇ ನೇರವಾಗಿ ಬಣ್ಣ ತಿರುಗಿಸ್ಬಿಡ್ತವೆ. ಆ ಎರಡು ಸಾಲು ಹಾಕದೇ ಇದ್ದಿದ್ರೆ ನಾನು "ನೀರಿನ ಸಾರಕ್ಕೆ ಶಕ್ತಿ ಇಲ್ಲ" ಅಂತ ಬರೆದು ಮುಗಿಸಿರ್ತಿದ್ದೆ.

ಲೆಕ್ಕದಲ್ಲಿ ನೋಡಿ, ಇವು ರೀಡರ್ ಮಷೀನ್ ಕೊಡೋ ಬಣ್ಣದ ಅಳತೆಗಳು. ಡಿಎಂಎಸ್‌ಒ ವೆಲ್ 0.92, ಅದರ ಖಾಲಿ ಜೋಡಿ 0.06, ಉಳಿದಿದ್ದು 0.86. ಸಾರ 100 ಮೈಕ್ರೋಗ್ರಾಂ ವೆಲ್ 0.58. ಬರೀ 0.06 ಕಳೆದ್ರೆ 0.52, ಅಂದ್ರೆ 60 ಪರ್ಸೆಂಟ್ ಬದುಕಿವೆ. ಆದ್ರೆ ಅದೇ ಸಾರದ ಸೆಲ್ ಇಲ್ಲದ ವೆಲ್ 0.24 ತೋರಿಸ್ತಿದ್ರೆ ನಿಜವಾಗಿ ಉಳಿಯೋದು 0.34, ಅಂದ್ರೆ 40 ಪರ್ಸೆಂಟ್. ಒಂದೇ ಪ್ಲೇಟು, ಎರಡು ಬೇರೆ ಬೇರೆ ತೀರ್ಮಾನ.

ಕಳೆಯೋದೊಂದೇ ಪೂರ್ತಿ ಪರಿಹಾರ ಅಲ್ಲ. ಎಂಟಿಟಿ ಹಾಕೋ ಮೊದಲು ಸಾರದ ಮೀಡಿಯಾ ತೆಗೆದು ಒಂದು ಸಲ ಪಿಬಿಎಸ್ ತೊಳೆದು ಹೊಸ ಮೀಡಿಯಾದಲ್ಲಿ ಎಂಟಿಟಿ ಕೊಡಿ, ಸೆಲ್ಸ್ ಎದ್ದು ಹೋಗದ ಹಾಗೆ ನೋಡ್ಕೊಂಡು. ಮತ್ತೆ ಇದೇ ಪ್ರಯೋಗನ ಎಸ್‌ಆರ್‌ಬಿ ವಿಧಾನದಲ್ಲೂ ಮಾಡಿ, 1990ರಿಂದ ಬಳಕೆಯಲ್ಲಿದೆ, ತಣ್ಣನೆ ಟ್ರೈಕ್ಲೋರೋಅಸಿಟಿಕ್ ಆಸಿಡ್ ಹಾಕಿ ಸೆಲ್ಸ್‌ನ ತಳಕ್ಕೆ ಗಟ್ಟಿ ಮಾಡಿ ತೊಳೆದು ಆಮೇಲೆ ಬಣ್ಣ ಹಾಕೋದು, ಅದು ಸೆಲ್‌ನ ಪ್ರೋಟೀನಿಗೆ ಅಂಟುತ್ತೆ. ಎರಡೂ ವಿಧಾನ ಒಂದೇ ಮಾತು ಹೇಳಿದ್ರೆ ಮಾತ್ರ ನಾನು ನೋಟ್‌ಬುಕ್ಕಲ್ಲಿ ಟಿಕ್ ಹಾಕ್ತೀನಿ.

ಹೆಜ್ಜೆ 7: ಹೈಡ್ರೋಜನ್ ಪೆರಾಕ್ಸೈಡ್ ಅಂತ ಇನ್ನೊಬ್ಬ ಕಳ್ಳ

ಪಾಲಿಫಿನಾಲ್ ಜಾಸ್ತಿ ಇರೋ ಸಾರನ ಡಿಎಂಇಎಂಗೆ ಹಾಕಿದ್ರೆ ಮೀಡಿಯಾದಲ್ಲೇ ಆಕ್ಸಿಡೈಸ್ ಆಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತೆ. ಸೆಲ್ಸ್ ಸಾಯೋದು ಆ ಪೆರಾಕ್ಸೈಡಿಗೆ, ಹೆಸರು ಬರೋದು ಗಿಡಕ್ಕೆ. ನಮ್ಮ ಹೊಟ್ಟೆಯಲ್ಲಾಗ್ಲಿ ರಕ್ತದಲ್ಲಾಗ್ಲಿ ಡಿಎಂಇಎಂ ಹರಿಯಲ್ಲ, ಹಾಗಾಗಿ ಇದು ತಟ್ಟೆಯಲ್ಲಿ ಮಾತ್ರ ನಡೆಯೋ ಸಂಗತಿ. ಕಂಡುಹಿಡಿಯೋದು ಸುಲಭ, ಅರ್ಧ ವೆಲ್‌ಗಳಿಗೆ ಕ್ಯಾಟಲೇಸ್ ಎಂಜೈಮ್ ಸೇರಿಸಿ, ಎಂಎಲ್‌ಗೆ 100 ಯೂನಿಟ್‌ನಷ್ಟು. ಕ್ಯಾಟಲೇಸ್ ಹಾಕಿದ ಕಡೆ ಸೆಲ್ಸ್ ಬದುಕ್ಕೊಂಡ್ರೆ ನಿಮ್ಮ ರಿಸಲ್ಟ್ ಪೆರಾಕ್ಸೈಡ್‌ದು. ಜೊತೆಗೆ ಸಾರನ ಪಿವಿಪಿಪಿ ಪುಡಿಯಲ್ಲಿ ಕಲಸಿ ಟ್ಯಾನಿನ್ ತೆಗೆದು ಮತ್ತೊಮ್ಮೆ ಟೆಸ್ಟ್ ಮಾಡಿ. ಟ್ಯಾನಿನ್ ಹೋದ ಮೇಲೂ ಉಳಿದ ಶಕ್ತಿಯ ಹಿಂದೆ ಹೋಗೋದೇ ಮೇಲು ಅಂತ ನನ್ನ ಅಭಿಪ್ರಾಯ.

ಹೆಜ್ಜೆ 8: ಐಸಿ50 ಹಾಕೋದು

ಐಸಿ50 ಅಂದ್ರೆ ಬದುಕಿರೋ ಸೆಲ್ಸ್ ಅರ್ಧಕ್ಕೆ ಇಳಿಯೋ ಕಾನ್ಸಂಟ್ರೇಶನ್. ಎಕ್ಸೆಲ್‌ನಲ್ಲಿ ನೇರ ಗೆರೆ ಎಳೆದು ಅದನ್ನ ಬರೀಬೇಡಿ. ಕಾನ್ಸಂಟ್ರೇಶನ್ ಲಾಗ್‌ಗೆ ತಂದು ನಾಲ್ಕು ಪ್ಯಾರಾಮೀಟರಿನ ಎಸ್ ಆಕಾರದ ಗೆರೆ ಕೂರಿಸಿ, ಆರ್ ಅನ್ನೋ ಸಾಫ್ಟ್‌ವೇರಲ್ಲಿ ಡಿಆರ್‌ಸಿ ಪ್ಯಾಕೇಜ್ ಬಿಟ್ಟಿ ಸಿಗುತ್ತೆ. 200ರಲ್ಲೂ ಅರ್ಧ ಸಾಯ್ಲಿಲ್ಲ ಅಂದ್ರೆ "200ಕ್ಕಿಂತ ಜಾಸ್ತಿ" ಅಂತಷ್ಟೇ ಬರೀರಿ, ಗೆರೆ ಮುಂದಕ್ಕೆ ಎಳೆದು 347.6 ಅಂತೆಲ್ಲ ಬರೆಯೋದು ಬೇಡ.

ಮತ್ತೆ ಒಂದೇ ಪ್ಲೇಟಿನ 4 ವೆಲ್ ಅಂದ್ರೆ ನಾಲ್ಕು ಪ್ರಯೋಗ ಅಲ್ಲ. ಬೇರೆ ಬೇರೆ ದಿನ, ಬೇರೆ ಪ್ಯಾಸೇಜು, ಹೊಸದಾಗಿ ಇಳಿಸಿದ ಸಾರ, ಹೀಗೆ ಮೂರು ಸಲ ಮಾಡಿದ್ರೆ ಅದು ಮೂರು. ಡಾಕ್ಸೊರುಬಿಸಿನ್ ಐಸಿ50 ಪ್ರತಿ ಸಲ ಹತ್ತಿರ ಹತ್ತಿರ ಬರ್ಬೇಕು, ಅದು ಒಂದು ದಿನ ಹಾರಿಬಿಟ್ರೆ ಆ ದಿನದ ಪ್ಲೇಟ್ ಪೂರ್ತಿ ಪಕ್ಕಕ್ಕಿಡಿ.

ಎಷ್ಟಿದ್ರೆ ಒಳ್ಳೇದು? ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಕಚ್ಚಾ ಸಾರಕ್ಕೆ ಇಟ್ಟಿದ್ದ ಅಳತೆ ಎಂಎಲ್‌ಗೆ 30 ಮೈಕ್ರೋಗ್ರಾಂ ಒಳಗೆ. 150, 200 ಬಂದಿರೋದನ್ನ "ಪ್ರಬಲ ಕ್ಯಾನ್ಸರ್ ನಿರೋಧಕ" ಅಂತ ಬರೆಯೋದು ತಪ್ಪು. ನಾರ್ಮಲ್ ಸೆಲ್ಸ್‌ನ ಐಸಿ50ನ ಕ್ಯಾನ್ಸರ್ ಸೆಲ್ಸ್‌ದರಿಂದ ಭಾಗಿಸಿ, 1ರ ಹತ್ರ ಬಂದ್ರೆ ಅದು ಎಲ್ಲರನ್ನೂ ಸಾಯಿಸೋ ವಿಷ ಅಷ್ಟೇ.

ಹೇಗೆ ಸತ್ತವು ಅನ್ನೋದಕ್ಕೆ ಅನೆಕ್ಸಿನ್ ವಿ ಮತ್ತೆ ಪ್ರೊಪಿಡಿಯಂ ಅಯೋಡೈಡ್ ಅನ್ನೋ ಗುರುತು ಹಾಕಿ ಫ್ಲೋ ಸೈಟೋಮೀಟರಲ್ಲಿ (ಒಂದೊಂದೇ ಸೆಲ್ ನೋಡೋ ಮಷೀನಲ್ಲಿ) ಓಡಿಸಿ, ಸೆಲ್ ತನ್ನನ್ನ ತಾನೇ ಮುಗಿಸ್ಕೊಳ್ಳೋವಾಗ ಏಳೋ ಕ್ಯಾಸ್ಪೇಸ್-3 ಎಂಜೈಮ್ ನೋಡಿ, ಪೊರೆ ಒಡೆದಿದೆಯಾ ಅಂತ ಆಚೆ ಸೋರಿದ ಎಲ್‌ಡಿಎಚ್ ಎಂಜೈಮ್ ಅಳೀರಿ. ಇದನ್ನ ಐಸಿ50 ಹತ್ತಿರದ ಡೋಸಲ್ಲಿ ಮಾಡಿ, ಅದರ ಹತ್ತರಷ್ಟರಲ್ಲಿ ಅಲ್ಲ.

ಕಸ: ಸೆಲ್ಸ್ ಇರೋ ದ್ರವಕ್ಕೆ 1 ಪರ್ಸೆಂಟ್ ಹೈಪೋಕ್ಲೋರೈಟ್ ಅರ್ಧ ಗಂಟೆ, ಪ್ಲಾಸ್ಟಿಕ್ ಆಟೋಕ್ಲೇವ್ ಮಾಡಿ ಆಮೇಲೆ ಬಯೋಮೆಡಿಕಲ್ ಚೀಲ, ಡಾಕ್ಸೊರುಬಿಸಿನ್ ಮುಟ್ಟಿದ್ದು ಬೇರೆ, ಹೆಕ್ಸೇನ್ ಮೆಥನಾಲ್ ಸಿಂಕಿಗೆ ಬೇಡ.

ಜನ ಬಂದು ಕೇಳಿದಾಗ

ಈ ಕೆಲಸ ಮಾಡ್ತೀರ ಅಂತ ಗೊತ್ತಾದ್ರೆ ಯಾರಾದ್ರೂ ಕೇಳೇ ಕೇಳ್ತಾರೆ. ನಮ್ಮ ಬೀದಿಯಲ್ಲೇ ಒಬ್ಬರು, ಅವರ ತಾಯಿಗೆ ಲಿವರ್ ಕ್ಯಾನ್ಸರ್, ಆಸ್ಪತ್ರೆಯಿಂದ ಬಂದವರು ಗೇಟ್ ಹತ್ರ ನಿಂತು, "ಮಗೂ, ನೀನು ಲ್ಯಾಬಲ್ಲಿ ಮಾಡ್ತೀಯಲ್ಲ ಆ ನೆಲನೆಲ್ಲಿ ಪುಡಿ, ಅಮ್ಮಂಗೆ ಒಂದು ಚಮಚ ಕೊಡ್ಬಹುದಾ?" ಅಂದ್ರು. "ಬೇಡ ಆಂಟಿ, ನಾನು ನೋಡಿದ್ದು ಪ್ಲಾಸ್ಟಿಕ್ ತಟ್ಟೇಲಿರೋ ಸೆಲ್ಸ್ ಮೇಲೆ, ಅಮ್ಮನ ಲಿವರ್ ಈಗಾಗಲೇ ಸೋತಿದೆ, ಏನೇ ಕೊಟ್ರೂ ಡಾಕ್ಟ್ರಿಗೆ ಹೇಳ್ದೆ ಕೊಡ್ಬೇಡಿ" ಅಂದೆ. ಅವರ ಮುಖ ಇಳಿದು ಹೋಯ್ತು, ನನಗೂ ರಾತ್ರಿ ನಿದ್ದೆ ಬರ್ಲಿಲ್ಲ, ಆದ್ರೂ ಅದೇ ಸರಿ ಉತ್ತರ. 2021ರಲ್ಲಿ ಮುಂಬೈ ಡಾಕ್ಟ್ರುಗಳು ಅಮೃತಬಳ್ಳಿ ಸೇವಿಸಿದ ಮೇಲೆ ಲಿವರಿಗೆ ಪೆಟ್ಟಾದ 6 ಜನರ ವಿವರ ಪ್ರಕಟಿಸಿದ್ರು. ನೆಲನೆಲ್ಲಿ ವಿಷಯದಲ್ಲೂ ಹಾಗೇ, 1988ರಲ್ಲಿ ಚೆನ್ನೈನ ತಂಡ ಹೆಪಟೈಟಿಸ್ ಬಿ ಇರೋರಿಗೆ ಕೊಟ್ಟು ಒಳ್ಳೇ ಫಲಿತಾಂಶ ಬಂತು ಅಂತ ಲ್ಯಾನ್ಸೆಟ್‌ನಲ್ಲಿ ಬರೆದ್ರು, ಇಡೀ ಜಗತ್ತು ತಿರುಗಿ ನೋಡ್ತು, ಆಮೇಲೆ ಬೇರೆ ಕಡೆ ಮಾಡಿದವರಿಗೆ ಅದೇ ಫಲಿತಾಂಶ ಸಿಗ್ಲಿಲ್ಲ. ಇನ್ನು ಹೆಪ್‌ಜಿ2ನಲ್ಲಿ ಔಷಧಿ ಒಡೆಯೋ ಸಿವೈಪಿ ಎಂಜೈಮ್‌ಗಳು ತೀರಾ ಕಮ್ಮಿ, ನಿಜವಾದ ಲಿವರ್ ನಿಮ್ಮ ಸಾರನ ಏನು ಮಾಡುತ್ತೆ ಅಂತ ಅದು ತೋರಿಸೋದೇ ಇಲ್ಲ.

ಹೆಜ್ಜೆ 9: ಶಕ್ತಿ ಎಲ್ಲಿದೆ ಅಂತ ಹುಡುಕ್ತಾ ಹೋಗೋದು

ಇಷ್ಟೆಲ್ಲ ದಾಟಿ ಬಂದ ಸಾರ ಸಿಕ್ತು ಅಂದ್ರೆ ಖುಷಿ ಪಡಿ, ನಿಜವಾದ ಕೆಲಸ ಇಲ್ಲಿಂದ. ಪಶ್ಚಿಮ ಘಟ್ಟದ ದುರ್ವಾಸನೆ ಮರದಿಂದ ಕ್ಯಾಂಪ್ಟೊಥೆಸಿನ್ ಸಿಗುತ್ತೆ, ಅದರಿಂದ ಮಾಡಿದ ಇರಿನೊಟೆಕಾನ್, ಟೊಪೊಟೆಕಾನ್ ಇವತ್ತು ಆಸ್ಪತ್ರೆಯಲ್ಲಿ ಕೊಡೋ ಔಷಧಿಗಳು. ಅಂಥ ಒಂದು ವಸ್ತುವಿನ ತನಕ ಹೋಗೋ ದಾರಿ ಸಾರನ ಭಾಗ ಮಾಡ್ತಾ ಹೋಗೋದು. ಸಿಲಿಕಾ ಕಾಲಂ ಹಾಕಿ, ಹೆಕ್ಸೇನಿಂದ ಶುರು ಮಾಡಿ ಈಥೈಲ್ ಅಸಿಟೇಟ್ ಏರಿಸ್ತಾ ಇಳಿದು ಬರೋ ಒಂದೊಂದು ಭಾಗನೂ (ಫ್ರಾಕ್ಷನ್) ಹಿಡೀರಿ, ಟಿಎಲ್‌ಸಿ (ತೆಳು ಪದರದ ಮೇಲೆ ವಸ್ತು ಬೇರ್ಪಡಿಸೋ ಪರೀಕ್ಷೆ) ನೋಡಿ ಒಂದೇ ಥರದ್ದು ಕೂಡಿಸಿ, ಒಂದೊಂದನ್ನೂ ಮೇಲಿನ ಪ್ಲೇಟಲ್ಲೇ ಟೆಸ್ಟ್ ಮಾಡಿ, ಸೆಲ್ ಇಲ್ಲದ ಎರಡು ಸಾಲು ಸಮೇತ.

ಪ್ರತಿ ಫ್ರಾಕ್ಷನ್ ತೂಕ ಕೂಡಿಸಿ ನೋಡಿ, ಕಾಲಂಗೆ ಹಾಕಿದ್ದರಲ್ಲಿ ಎಷ್ಟು ವಾಪಸ್ ಬಂತು ಅಂತ. ಆಮೇಲೆ ಎಲ್ಲಾ ಫ್ರಾಕ್ಷನ್‌ನಿಂದ ಅವು ಬಂದ ಅನುಪಾತದಲ್ಲೇ ಚೂರುಚೂರು ತಗೊಂಡು ಮತ್ತೆ ಒಟ್ಟಿಗೆ ಬೆರೆಸಿ ಅದನ್ನೂ ಒಂದು ಪ್ಲೇಟಿಗೆ ಹಾಕಿ. ಬೆರೆಸಿದ್ದರ ಐಸಿ50 ಮೂಲ ಸಾರದ ಹತ್ತಿರ ಬಂದ್ರೆ ಸರಿ, ಬರ್ಲಿಲ್ಲ ಅಂದ್ರೆ ಬೇಕಾದ ವಸ್ತು ಸಿಲಿಕಾಗೆ ಅಂಟ್ಕೊಂಡು ಅಲ್ಲೇ ಕೂತಿರ್ಬಹುದು, ಕಾಲಂ ಎಸೆಯೋ ಮುಂಚೆ ಮೆಥನಾಲ್ ಹಾಕಿ ಒಂದು ಸಲ ತೊಳೆದು ಆ ತೊಳೆದ ಮೆಥನಾಲನ್ನೂ ಬಾಟಲಿಗೆ ಹಿಡಿದು, ತಾರೀಕು ಬರೆದು ಮೈನಸ್ 20ರಲ್ಲಿ ಇಡಿ.